ಸೋಮನಾಥಪುರದ ತೆನೆ ಯಾವ ವಿಭಾಗಕ್ಕೆ ಸೇರಿದ್ದು?

ಸೋಮನಾಥಪುರದ ಕೇಶವ ದೇವಾಲಯಕ್ಕೆ ಪ್ರದಕ್ಷಿಣೆ ಬರುವವರಲ್ಲಿ ಕಣ್ಣು ಚುರುಕಾದವರು ಹೊರಗೋಡೆಯ ಕೆಲವು ವಿಗ್ರಹಗಳ ಮುಂದೆ ತುಸು ನಿಲ್ಲುತ್ತಾರೆ. ವಿಗ್ರಹದ ಕೈಯಲ್ಲಿ ಉದ್ದನೆಯ ವಸ್ತುವೊಂದಿದೆ. ತುದಿಯತ್ತ ಹೋಗುತ್ತ ಸಪೂರವಾಗಿದೆ, ಮೈತುಂಬ ಸಾಲುಸಾಲಾಗಿ ಗುಂಡಗಿನ ಕಾಳುಗಳಿವೆ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು-ಖಾರ ಹಚ್ಚಿ, ನಿಂಬೆಹಣ್ಣು ಉಜ್ಜಿ ಕೊಡುವ ಮೆಕ್ಕೆಜೋಳದ ತೆನೆಯೇ ಸರಿ ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಡಕಿರುವುದು ಇಸವಿಯಲ್ಲಿ. ದೇವಾಲಯ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಮೆಕ್ಕೆಜೋಳವನ್ನು ಮನುಷ್ಯ ಪಳಗಿಸಿದ್ದು ಮೆಕ್ಸಿಕೊದಲ್ಲಿ, ಸುಮಾರು 9,000 ವರ್ಷಗಳ ಹಿಂದೆ. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು 1492ರಲ್ಲಿ. ಆಮೇಲಷ್ಟೇ ಅದು ಹಡಗು ಹತ್ತಿ ನಮ್ಮ ಕಡೆ ಬಂತು ಎಂದು ನಾವೆಲ್ಲ ಓದಿದ್ದೇವೆ. ಹಾಗಿದ್ದರೆ ಹೊಯ್ಸಳ ಶಿಲ್ಪಿ ತಾನು ಕಾಣದ ಬೆಳೆಯನ್ನು ಕೆತ್ತಿದ್ದು ಹೇಗೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೋಹಾನ್ಸನ್ ಪ್ರಮುಖರು. ಆ್ಯನ್ ಪಾರ್ಕರ್ ಅವರೊಂದಿಗೆ 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು, ಕರ್ನಾಟಕದ ದೇವಾಲಯಗಳಲ್ಲಿರುವುದು ಮೆಕ್ಕೆಜೋಳದ ತೆನೆಯೇ, ಕೊಲಂಬಸ್‌ಗೂ ಮೊದಲೇ ಎರಡು ಖಂಡಗಳ ನಡುವೆ ಬೀಜದ ಓಡಾಟ ಇತ್ತು ಎಂದು ವಾದಿಸಿದರು. ಕಾಳಿನ ಸಾಲು, ತೆನೆಯ ಆಕಾರ, ಒಂದು ತೆನೆಗೂ ಇನ್ನೊಂದಕ್ಕೂ ಇರುವ ಸಹಜ ವ್ಯತ್ಯಾಸ ಇವೇ ಅವರ ಸಾಕ್ಷ್ಯ. ಎದುರು ವಾದವೂ ಜೋರಾಗಿಯೇ ಬಂತು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ 1991ರಲ್ಲಿ ಇದೇ ಪ್ರಶ್ನೆಯ ಮೇಲೊಂದು ಬರಹ ಪ್ರಕಟಿಸಿತು. ಮೆಕ್ಕೆಜೋಳದ ಮೇಲೆಯೇ ಕೆಲಸ ಮಾಡಿದ್ದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ 1993ರಲ್ಲಿ, ಅದೇ ‘ಎಕನಾಮಿಕ್ ಬಾಟನಿ’ಯಲ್ಲಿ, ಅದು ತೆನೆಯಲ್ಲ ಎಂದು ಬರೆದರು. ಅವರ ಪ್ರಕಾರ ಅದು ಮುಕ್ತಾಫಲ, ಅಂದರೆ ಮುತ್ತುಗಳನ್ನು ಪೋಣಿಸಿದಂತೆ ಕಲ್ಪಿಸಿಕೊಂಡ ದೈವಿಕ ಹಣ್ಣು. ಇಂದು ಬಹುತೇಕ ವಿದ್ವಾಂಸರು ಒಲಿಯುವುದು ಈ ಪಕ್ಷಕ್ಕೇ. ಹಳೆಯ ಪದರಗಳ ಉತ್ಖನನದಲ್ಲಿ ಎಲ್ಲರೂ ಒಪ್ಪುವಂಥ ಮೆಕ್ಕೆಜೋಳದ ಅವಶೇಷ ಸಿಗದಿರುವುದು ಅದಕ್ಕೊಂದು ಕಾರಣ.

ಯಾರು ಗೆದ್ದರು ಎನ್ನುವುದಕ್ಕಿಂತ ಈ ಜಗಳದ ಸ್ವರೂಪವೇ ಇಲ್ಲಿ ಮುಖ್ಯ. ಸಸ್ಯಶಾಸ್ತ್ರಿಯೊಬ್ಬನೇ ಇದನ್ನು ಬಗೆಹರಿಸಲಾರ. ತೆನೆಯ ರಚನೆ ಅವನಿಗೆ ಗೊತ್ತು, ಆದರೆ ಹೊಯ್ಸಳ ಶಿಲ್ಪಿ ಕಂಡದ್ದನ್ನೇ ಕೆತ್ತುತ್ತಿದ್ದನೋ, ಶಿಲ್ಪಶಾಸ್ತ್ರದ ಕಟ್ಟಳೆಯಂತೆ ಕೆತ್ತುತ್ತಿದ್ದನೋ ಎಂಬುದು ಗೊತ್ತಿಲ್ಲ. ಕಲಾ ಇತಿಹಾಸಕಾರನಿಗೆ ಕಟ್ಟಳೆ ಗೊತ್ತು, ಕಾಳಿನ ಜೋಡಣೆಯ ಲೆಕ್ಕ ಗೊತ್ತಿಲ್ಲ. ಮಣ್ಣಿನಲ್ಲಿ ಉಳಿದ ಪರಾಗವನ್ನೂ ಸುಟ್ಟು ಕರಿದಾದ ಕಾಳನ್ನೂ ಓದಬಲ್ಲ ಪುರಾತತ್ತ್ವಜ್ಞ ಬೇಕು. ಬೆಳೆಗಳ ಹೆಸರು ಹಳೆಯ ಗ್ರಂಥಗಳಲ್ಲಿ, ಶಾಸನಗಳಲ್ಲಿ ಯಾವಾಗ ಕಾಣಿಸಿಕೊಂಡವು ಎಂದು ಹುಡುಕಲು ಹಳಗನ್ನಡ ಬಲ್ಲವರು ಬೇಕು. ಈ ಪ್ರತಿಯೊಬ್ಬರೂ ‘ಪುರಾವೆ’ ಎಂದು ಒಪ್ಪುವುದು ಬೇರೆ ಬೇರೆ ಬಗೆಯದನ್ನು. ಅವುಗಳನ್ನು ಎದುರುಬದುರು ಕೂರಿಸಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ನಿರ್ಧರಿಸುವ ಕೆಲಸಕ್ಕೇ ವಿಮರ್ಶಾತ್ಮಕ ಚಿಂತನೆ ಎಂಬ ದೊಡ್ಡ ಹೆಸರಿರುವುದು.

ಈಗ ಇದನ್ನು ನಮ್ಮ ಕಾಲೇಜಿಗೆ ತನ್ನಿ. ಸೋಮನಾಥಪುರದ ತೆನೆ ಯಾವ ವಿಭಾಗಕ್ಕೆ ಸೇರಿದ್ದು? ಇತಿಹಾಸ ವಿಭಾಗವಿರುವುದು ಹಳೆಯ ಕಟ್ಟಡದಲ್ಲಿ, ಸಸ್ಯಶಾಸ್ತ್ರದ ಪ್ರಯೋಗಾಲಯ ಹಿಂದಿನ ಬ್ಲಾಕಿನಲ್ಲಿ, ಕನ್ನಡ ವಿಭಾಗ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ. ಮೂರರ ಅಧ್ಯಾಪಕರು ಭೇಟಿಯಾಗುವುದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಕರ್ನಾಟಕದ ಹುಡುಗ-ಹುಡುಗಿಯರು ಒಂದೊಂದು ಸಂಕ್ಷೇಪಾಕ್ಷರದೊಳಗೆ ಹೊಕ್ಕುಬಿಡುತ್ತಾರೆ: ಪಿಸಿಎಂಬಿ, ಪಿಸಿಎಂಸಿ, ಹೆಚ್‌ಇಬಿಎ, ಹೆಚ್‌ಇಪಿಎಸ್. ಹದಿನಾರರ ವಯಸ್ಸಿನಲ್ಲಿ ಭೌತಶಾಸ್ತ್ರ ಆರಿಸಿಕೊಂಡವರಿಗೆ ಇತಿಹಾಸದ ಬಾಗಿಲು ಅಲ್ಲಿಗೆ ಮುಚ್ಚಿತು. ಇತಿಹಾಸ ಆರಿಸಿಕೊಂಡವರು ಅಂದಿನಿಂದ ಗಣಿತದ ಗೊಡವೆ ಬಿಟ್ಟರು. ಎರಡು ಭಾಷೆಗಳ ತರಗತಿಯೊಂದೇ ಎಲ್ಲರಿಗೂ ಸಾಮಾನ್ಯ. ಅದನ್ನೂ ವಿಜ್ಞಾನದ ವಿದ್ಯಾರ್ಥಿಗಳು ‘ಪಾಸಾದರೆ ಸಾಕು’ ಎಂಬ ಪಟ್ಟಿಗೆ ಸೇರಿಸಿರುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಟಿಯು ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’, ಸಂವಿಧಾನ ಮುಂತಾದ ಪತ್ರಿಕೆಗಳನ್ನು ಇಟ್ಟಿದೆ. ಉದ್ದೇಶ ಒಳ್ಳೆಯದೇ. ಆದರೆ ಕ್ರೆಡಿಟ್ ಕಡಿಮೆಯಾದ ಪತ್ರಿಕೆಗೆ ವಿದ್ಯಾರ್ಥಿ ಎಷ್ಟು ಹೊತ್ತು ಕೊಡುತ್ತಾನೆ ಎಂದು ಯಾವ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೇಳಿದರೂ ಹೇಳುತ್ತಾರೆ.

ಗೋಡೆ ಒಡೆಯುವ ಪ್ರಯತ್ನ ನಡೆದಿಲ್ಲವೆಂದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ಜಾರಿಗೊಳಿಸಲು ಮೊದಲು ಆದೇಶ ಹೊರಡಿಸಿದ್ದು ಕರ್ನಾಟಕವೇ, 2021ರಲ್ಲಿ. ಅದರಡಿ ಪ್ರತಿ ವಿದ್ಯಾರ್ಥಿಯೂ ತನ್ನದಲ್ಲದ ಶಾಖೆಯಿಂದ ‘ಓಪನ್ ಎಲೆಕ್ಟಿವ್’ ಓದಬೇಕಾಯಿತು. ಕಾಗದದ ಮೇಲೆ ಚೆಂದವಾಗಿಯೇ ಇತ್ತು. ಎಷ್ಟೋ ಕಾಲೇಜುಗಳಲ್ಲಿ ಮಾತ್ರ ಯಾವ ಅಧ್ಯಾಪಕರ ಬಳಿ ಪಾಠದ ಅವಧಿ ಖಾಲಿ ಇದೆಯೋ ಅವರ ವಿಷಯವೇ ವಿದ್ಯಾರ್ಥಿಯ ‘ಆಯ್ಕೆ’ಯಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ನೀತಿಯೂ ಬದಲಾಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಲಾಯಿತು. ಮೂರೋ ನಾಲ್ಕೋ ಎಂಬ ವಾಗ್ವಾದದಲ್ಲಿ ತರಗತಿಯೊಳಗೆ ಏನು ನಡೆಯಬೇಕು ಎಂಬ ಮಾತು ಹಿಂದೆ ಸರಿಯಿತು.

ಆ ಮಾತಿಗೆ ಉತ್ತರ ಹುಡುಕಲು ಅಮೆರಿಕಕ್ಕೇ ಹೋಗಬೇಕಿಲ್ಲ. ಬಿ.ಜಿ.ಎಲ್. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವದಿಂದ ಹುಟ್ಟಿದ ಪುಸ್ತಕ. ಅದರಲ್ಲಿ ಗಿಡದ ಲ್ಯಾಟಿನ್ ಹೆಸರಿನ ಪಕ್ಕದಲ್ಲೇ ಸ್ಥಳೀಯರ ಬಳಕೆ ಇದೆ, ಸಂಸ್ಕೃತ ಕಾವ್ಯದ ನೆನಪಿದೆ, ಊಟ-ತಿಂಡಿಯ ಚರ್ಚೆ ಇದೆ, ಲೇಖಕರೇ ಬರೆದ ರೇಖಾಚಿತ್ರಗಳಿವೆ, ಮತ್ತು ಹೊಟ್ಟೆ ಹುಣ್ಣಾಗಿಸುವ ನಗು ಇದೆ. ಶಾಸನ, ತಮಿಳು ಸಾಹಿತ್ಯ ಚರಿತ್ರೆಯ ಕಾಲನಿರ್ಣಯಗಳಿಗೂ ಸ್ವಾಮಿ ಕೈಹಾಕಿ, ಒಪ್ಪಿತವಾದದ್ದನ್ನು ಪ್ರಶ್ನಿಸಿ ವಿರೋಧ ಕಟ್ಟಿಕೊಂಡರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಅಮೆರಿಕ ಖಂಡದಿಂದ ಬಂದು ನಮ್ಮ ಅಡುಗೆಮನೆ ಆಕ್ರಮಿಸಿದ ಸಸ್ಯಗಳ ಕಥೆ ಹೇಳಿದರು. ಸೋಮನಾಥಪುರದ ತೆನೆಯ ವಿವಾದ ಪತ್ರಿಕೆಗಳಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇದ್ದಿದ್ದರೆ ಎರಡೂ ಪಕ್ಷದವರಿಗೆ ಚೆನ್ನಾಗಿ ಚಾಟಿ ಬೀಸುತ್ತಿದ್ದರೇನೋ.

ಸ್ವಾಮಿಯವರ ವಿಷಯದಲ್ಲಿ ಒಂದನ್ನು ಮರೆಯುವಂತಿಲ್ಲ. ಅವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರಾಗಿರಲಿಲ್ಲ. ಸಸ್ಯಗಳ ಅಂಗರಚನೆಯಲ್ಲಿ ಅವರದು ಅಂತರರಾಷ್ಟ್ರೀಯ ಮಟ್ಟದ ಪಾಂಡಿತ್ಯ. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದ್ದವರು. ಸೂಕ್ಷ್ಮದರ್ಶಕದಡಿ ಅಂಗಾಂಶ ನೋಡಿ ನೋಡಿ ಬಂದ ಶಿಸ್ತನ್ನೇ ಅವರು ಶಾಸನಗಳ ಮುಂದೆಯೂ ಬಳಸಿದರು.

ಒಂದು ವಿಷಯದಲ್ಲಿ ಆಳ, ಇನ್ನೊಂದರಲ್ಲಿ ಕುತೂಹಲ ಎಂಬ ಈ ಅನುಪಾತಕ್ಕೆ ಅಂಕಿಅಂಶದ ಬೆಂಬಲವೂ ಇದೆ. ಬ್ರಯನ್ ಉಝಿ ಮತ್ತು ಸಂಗಡಿಗರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುಮಾರು 1.79 ಕೋಟಿ ಸಂಶೋಧನಾ ಲೇಖನಗಳನ್ನು ಜಾಲಾಡಿದ ಫಲಿತಾಂಶ ಪ್ರಕಟಿಸಿದರು. ಒಂದು ಲೇಖನ ತನ್ನ ಉಲ್ಲೇಖಪಟ್ಟಿಯಲ್ಲಿ ಯಾವ ಯಾವ ಪತ್ರಿಕೆಗಳನ್ನು ಜೊತೆಯಾಗಿ ಹೆಸರಿಸಿದೆ, ಆ ಜೋಡಿ ಮಾಮೂಲಿನದೋ ಅಪರೂಪದ್ದೋ ಎಂದು ಅವರು ಲೆಕ್ಕ ಹಾಕಿದ್ದರು. ಹೆಚ್ಚು ಪ್ರಭಾವ ಬೀರಿದ ಲೇಖನಗಳ ಬಹುಪಾಲು ತಮ್ಮ ಕ್ಷೇತ್ರದ ಗಟ್ಟಿ ನೆಲದಲ್ಲೇ ನಿಂತಿದ್ದವು. ಜೊತೆಗೆ ಬೇರೆ ಕಡೆಯಿಂದ ತಂದ ಅಪರೂಪದ ಜೋಡಣೆಯೊಂದು ಅವುಗಳಲ್ಲಿತ್ತು. ಎಲ್ಲವೂ ಅಪರೂಪವಾಗಿದ್ದ ಲೇಖನಗಳು ಅಷ್ಟು ದೂರ ಹೋಗಲಿಲ್ಲ, ಎಲ್ಲವೂ ಮಾಮೂಲಾಗಿದ್ದವೂ ಹೋಗಲಿಲ್ಲ. ವಿಷಯಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಕಲಸುವುದೇ ಅಂತರ್‌ಶಿಸ್ತೀಯ ಶಿಕ್ಷಣ ಎಂದು ತಿಳಿದವರು ಇದನ್ನು ಗಮನಿಸಬೇಕು.

ಆದರೆ ಹೊಸದನ್ನು ಕಟ್ಟುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ತುಮಕೂರು ಜಿಲ್ಲೆಯಲ್ಲಿದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಗುರಿ. ಮುಂದಾಳು ಅಮೂಲ್ಯ ರೆಡ್ಡಿ, ವಿದ್ಯುತ್‌ರಸಾಯನಶಾಸ್ತ್ರಜ್ಞ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರದ ವಿಸ್ತರಣಾ ಘಟಕ ಶುರುವಾಯಿತು. ಯಂತ್ರ ಕಟ್ಟುವ ಮೊದಲು ಅವರು ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ಬರೆದುಕೊಂಡರು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರು ಯಾರು, ಎಷ್ಟು ದೂರದಿಂದ, ನೀರು ಹೊರಲು ಎಷ್ಟು ಹೊತ್ತು, ಎತ್ತು ಎಷ್ಟು ಗಂಟೆ ದುಡಿಯುತ್ತದೆ ಎಂದು ಮನೆಮನೆ ಕೇಳಿದರು. ಇಂಜಿನಿಯರುಗಳು ಹೊರಟದ್ದು ಇಂಧನದ ಲೆಕ್ಕಕ್ಕೆ. ಸಿಕ್ಕಿದ್ದು ಹೆಂಗಸರ ಬದುಕಿನ ಲೆಕ್ಕ. ಮನುಷ್ಯರು ಸುರಿಸುವ ಒಟ್ಟು ದುಡಿಮೆಯ ಶಕ್ತಿಯಲ್ಲಿ ಗಂಡಸರ ಪಾಲು 31%, ಹೆಂಗಸರದು 53%, ಮಕ್ಕಳದು 16% ಎಂದು ಬಂತು.

ಈ ಅಂಕಿಯನ್ನು ಸಾಮಾಜಿಕ ಅಧ್ಯಯನದ ಕಡೆಯಿಂದ ಬಂದ ಶ್ರೀಲತಾ ಬಾಟ್ಲಿವಾಲ ಕೈಗೆತ್ತಿಕೊಂಡರು. 1982ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅವರು ಬರೆದ ಲೇಖನ ಅದುವರೆಗಿನ ಅಪೌಷ್ಟಿಕತೆಯ ಚರ್ಚೆಯ ದಿಕ್ಕನ್ನೇ ತಿರುಗಿಸುವಂಥದ್ದು. ಬಡ ಹೆಂಗಸು ಸೊರಗುವುದು ತಟ್ಟೆಗೆ ಕಡಿಮೆ ಬೀಳುವುದರಿಂದ ಮಾತ್ರವಲ್ಲ, ಸೌದೆ-ನೀರು-ಅಡುಗೆಗೆ ಅವಳ ಮೈ ಅಷ್ಟೊಂದು ಸವೆಯುವುದರಿಂದಲೂ. ಹಾಗಾಗಿ ಸೌದೆ ಉಳಿಸುವ ಒಲೆ, ಮನೆ ಬಳಿ ಬರುವ ನೀರು ಕೂಡ ಪೌಷ್ಟಿಕತೆಯ ಕಾರ್ಯಕ್ರಮವೇ. ಆಹಾರ ವಿಜ್ಞಾನಿಗಳು ನೋಡುತ್ತಿದ್ದುದು ಊಟದ ಕ್ಯಾಲೊರಿ, ಇಂಜಿನಿಯರುಗಳು ನೋಡುತ್ತಿದ್ದುದು ಸೌದೆಯ ಕ್ಯಾಲೊರಿ. ಎರಡೂ ಒಂದೇ ಅಳತೆಯ ಘಟಕ. ಆದರೂ ಎರಡು ಕಾಲಂಗಳನ್ನು ಅಕ್ಕಪಕ್ಕದಲ್ಲಿಟ್ಟು ಕೂಡಿ ಕಳೆಯಲು ಮೂರನೆಯ ಕಡೆಯಿಂದ ಒಬ್ಬರು ಬರಬೇಕಾಯಿತು.

ಅದೇ ತಂಡದಿಂದ ಬಂದ ‘ಅಸ್ತ್ರ ಒಲೆ’ ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಮನೆಗಳಿಗೆ ಹೊಗೆಕೊಳವೆ ತಂದಿತು. ನಮ್ಮ ಓದುಗರಲ್ಲಿ ಅನೇಕರ ಅಜ್ಜಿಮನೆಯಲ್ಲಿ ಅದು ಇದ್ದಿರಬಹುದು. ಆದರೆ ಕಲಿಕೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು ಪುರ ಎಂಬ ಪಕ್ಕದ ಹಳ್ಳಿಯಲ್ಲಿ ಆದ ಎಡವಟ್ಟು. ಊರಿನ ದನಗಳ ಸಗಣಿಯನ್ನೆಲ್ಲ ಒಟ್ಟು ಮಾಡಿ ಅಡುಗೆ ಅನಿಲ ಕೊಡುವ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಅಲ್ಲಿ ಕಟ್ಟಲಾಗಿತ್ತು. ಕಾಗದದ ಲೆಕ್ಕದಲ್ಲಿ ಸಿಗಬೇಕಿದ್ದಷ್ಟು ಸಗಣಿ ದೊಡ್ಡಿಯಲ್ಲಿ ಸಿಗಲಿಲ್ಲ. ಇಡೀ ಊರಿನ ಎರಡು ಹೊತ್ತಿನ ಅಡುಗೆಗೆ ಅನಿಲ ಸಾಲಲಿಲ್ಲ, ಜನ ಉತ್ಸಾಹ ಕಳೆದುಕೊಂಡರು. ಯೋಜನೆ ನೆಲಕಚ್ಚಿತು. ಆಗ ತಂಡ ಊರವರನ್ನು ಕೂರಿಸಿ, ನಿಮಗೆ ಮೊದಲು ಬೇಕಾದದ್ದೇನು ಎಂದು ಕೇಳಿತು. ಕುಡಿಯುವ ನೀರು ಎಂಬ ಉತ್ತರ ಬಂತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಬಿಟ್ಟರು. ಮನೆಗಳಿಗೆ ದೀಪವೂ ಬಂತು. ಯೋಜನೆ ಹಲವು ವರ್ಷ ನಡೆಯಿತು. ಸ್ಥಾವರ ಬದಲಾಗಲಿಲ್ಲ, ಸಗಣಿಯೂ ಅದೇ. ಕೇಳಿದ ಪ್ರಶ್ನೆ ಬೇರೆಯಾಯಿತು. ಈ ವೈಫಲ್ಯವನ್ನೂ ಅದರಿಂದ ಕಲಿತದ್ದನ್ನೂ ರೆಡ್ಡಿಯವರು ಮುಚ್ಚಿಡದೆ ಬರೆದು ಪ್ರಕಟಿಸಿದ್ದಾರೆ. ಇಂಜಿನಿಯರಿಂಗ್ ಪಠ್ಯದಲ್ಲಿ ಅದು ಕಡ್ಡಾಯ ಓದಾಗಬೇಕಿತ್ತು.

ಇಂಥದೇ ತಿರುವು ಕಾಲೇಜಿನ ತರಗತಿಯೊಂದರಲ್ಲಿ ನಡೆದದ್ದು ಸ್ಟ್ಯಾನ್‌ಫರ್ಡ್‌ನಲ್ಲಿ. ಅಲ್ಲಿ ಬಡವರಿಗೆ ಎಟುಕುವ ವಸ್ತುಗಳ ವಿನ್ಯಾಸಕ್ಕೆಂದೇ ಒಂದು ಕೋರ್ಸ್ ಇದೆ. ಒಂದೊಂದು ತಂಡದಲ್ಲೂ ಬೇರೆ ಬೇರೆ ವಿಭಾಗದವರಿರಬೇಕು. 2007ರ ಸುಮಾರಿಗೆ ಒಂದು ತಂಡಕ್ಕೆ ಸಿಕ್ಕ ಕೆಲಸ: ಅವಧಿಗೆ ಮುಂಚೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಅಗ್ಗದ ಇನ್‌ಕ್ಯುಬೇಟರ್. ತಂಡದಲ್ಲಿ ಎಂಬಿಎ ಓದುವವರು, ಕಂಪ್ಯೂಟರ್ ವಿಜ್ಞಾನದವರು, ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನವರು ಇದ್ದರು. ಒಬ್ಬ ವಿದ್ಯಾರ್ಥಿ ನೇಪಾಳಕ್ಕೆ ಹೋಗಿ ಆಸ್ಪತ್ರೆ ನೋಡಿದ. ಇನ್‌ಕ್ಯುಬೇಟರುಗಳು ಖಾಲಿ ಬಿದ್ದಿದ್ದವು. ಶಿಶುಗಳು ಸಾಯುತ್ತಿದ್ದದ್ದು ಆಸ್ಪತ್ರೆ ತಲುಪುವ ಮೊದಲೇ, ಹಳ್ಳಿಗಳಲ್ಲಿ. ಯಂತ್ರದ ಬಿಡಿಭಾಗ ಅಗ್ಗ ಮಾಡುವ ಯೋಚನೆ ಅಲ್ಲಿಗೆ ಬಿತ್ತು. ಕರೆಂಟು ಸದಾ ಬೇಡದ, ಮೇಣದಂಥ ವಸ್ತುವಿನ ಚೀಲವಿಟ್ಟು ಗಂಟೆಗಟ್ಟಲೆ ಮೈಬಿಸಿ ಕಾಯುವ, ಮಲಗುಚೀಲದಂಥ ‘ಎಂಬ್ರೇಸ್’ ಹುಟ್ಟಿತು. ಭಾರತದ ಹಳ್ಳಿಯೊಂದರಲ್ಲಿ ಪರೀಕ್ಷಿಸುವಾಗ ಇನ್ನೊಂದು ಸಂಗತಿ ತಿಳಿಯಿತು. ಪಾಶ್ಚಾತ್ಯ ಔಷಧಿ ಅತಿ ಪ್ರಬಲ ಎಂಬ ಅಳುಕಿನಿಂದ, ಹೇಳಿದ ಉಷ್ಣತೆಗಿಂತ ಕಡಿಮೆ ಇಡುವೆನೆಂದು ತಾಯಿಯೊಬ್ಬಳು ಹೇಳಿದ್ದಳು. ತಂಡ ಅಂಕಿ ತೋರಿಸುವುದನ್ನೇ ತೆಗೆದು, ಸರಿಯಾಗಿ ಬಿಸಿಯಾಗಿದೆಯೋ ಇಲ್ಲವೋ ಎಂಬ ಸೂಚನೆಯಷ್ಟನ್ನೇ ಉಳಿಸಿತು. ಆ ವಿದ್ಯಾರ್ಥಿಗಳು ಪದವಿ ಮುಗಿಸಿ ಬಂದು ಸಂಸ್ಥೆ ಕಟ್ಟಿದ್ದು ಬೆಂಗಳೂರಿನಲ್ಲಿ.

ಇಷ್ಟೆಲ್ಲ ಓದಿ, ವೇಳಾಪಟ್ಟಿಗೆ ನಾಲ್ಕು ಹೊರಗಿನ ವಿಷಯ ಸೇರಿಸಿದರೆ ಬುದ್ಧಿ ಚುರುಕಾಗುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. 2011ರಲ್ಲಿ ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಆರಮ್ ಮತ್ತು ಜೋಸಿಪಾ ರೋಕ್ಸಾ ಅಮೆರಿಕದ 24 ಕಾಲೇಜು-ವಿಶ್ವವಿದ್ಯಾಲಯಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬರೆದ ಪುಸ್ತಕ ಅಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಕಾಲೇಜಿನ ಮೊದಲ ಎರಡು ವರ್ಷಗಳಲ್ಲಿ 45% ವಿದ್ಯಾರ್ಥಿಗಳ ವಿಮರ್ಶಾತ್ಮಕ ಚಿಂತನೆಯಲ್ಲಿ ಗಣನೀಯ ಪ್ರಗತಿಯೇ ಕಾಣಲಿಲ್ಲ. ನೆನಪಿಡಿ, ಬೇರೆ ಬೇರೆ ಶಾಖೆಯ ಕೋರ್ಸ್‌ಗಳನ್ನು ಆರಿಸುವ ಅವಕಾಶ ಅಲ್ಲಿ ಧಾರಾಳವಾಗಿದೆ. ಅವರ ಅಳತೆಯ ವಿಧಾನದ ಬಗ್ಗೆ ಆಕ್ಷೇಪಗಳು ಬಂದವು, ಅವುಗಳಲ್ಲಿ ಕೆಲವು ನ್ಯಾಯವಾದವೇ. ಆದರೂ ಒಂದು ಅಂಶ ಗಟ್ಟಿಯಾಗಿ ನಿಲ್ಲುತ್ತದೆ. ವಾರಕ್ಕೆ 40 ಪುಟಕ್ಕಿಂತ ಹೆಚ್ಚು ಓದಿಸುವ, ಸೆಮಿಸ್ಟರಿಗೆ 20 ಪುಟಕ್ಕಿಂತ ಹೆಚ್ಚು ಬರೆಸುವ ಕೋರ್ಸ್‌ಗಳನ್ನು ತೆಗೆದುಕೊಂಡವರು ಉಳಿದವರಿಗಿಂತ ಮುಂದೆ ಹೋಗಿದ್ದರು. ವಿಜ್ಞಾನ, ಗಣಿತ, ಮಾನವಿಕ ವಿಷಯಗಳವರೆಲ್ಲರೂ ಇದರಲ್ಲಿದ್ದರು.

ಅಂದರೆ ಬುದ್ಧಿ ಬೆಳೆಯುವುದು ಓದಿ, ಬರೆದು, ಬರೆದದ್ದನ್ನು ತಿದ್ದಿಸಿಕೊಂಡಾಗ. ನಮ್ಮ ಪದವಿ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಒಬ್ಬರು ಇಂಟರ್ನೆಟ್‌ನಿಂದ ಇಳಿಸಿದ್ದನ್ನು ಹದಿನೈದು ಜನ ನೋಡಿ ಬರೆದು, ಬಣ್ಣದ ಕಾಗದದ ಹೊದಿಕೆ ಹಾಕಿ, ಆಂತರಿಕ ಅಂಕಕ್ಕೆ ಸಲ್ಲಿಸುವುದು. ಈಗ ಆ ಇಳಿಸುವ ಕೆಲಸವನ್ನೂ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಮಾಡಿಕೊಡುತ್ತದೆ. ಅದಕ್ಕೇ, ಸಿದ್ಧ ಉತ್ತರವಿಲ್ಲದ, ತಾನೇ ಹೋಗಿ ನೋಡಿ ಬಂದರಷ್ಟೇ ಬರೆಯಲಾಗುವ ಪ್ರಶ್ನೆಗಳಿಗೆ ಹಿಂದೆಂದಿಗಿಂತ ಬೆಲೆ ಬಂದಿದೆ.

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಬುದ್ಧಿ ಬೆಳೆಸುವ ಈ ಕೆಲಸವನ್ನು ಬೇರೆ ದಾರಿಯಲ್ಲಿ ಸಾಧಿಸಲು ನೋಡಿದ್ದರು. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದ ಬ್ರಹ್ಮಚಾರಿ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಯಾವ ಶಾಖೆಯ ವಿದ್ಯಾರ್ಥಿಯೂ, ಬೀದಿಯಲ್ಲಿ ಹೋಗುವ ಯಾರೂ ಬಂದು ಉಪನ್ಯಾಸ ಕೇಳಬಹುದಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿ ದೇಶದ ಗಮನ ಸೆಳೆದರು. ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಎಂದು ಆಗ ಕೇಳಿದವರಿದ್ದರು. ಪ್ರಶ್ನಿಸುವುದನ್ನು ಕಲಿಸದಿದ್ದರೆ ವಿಶ್ವವಿದ್ಯಾಲಯ ಯಾಕೆ ಎಂದು ತಿರುಗಿ ಕೇಳಬಹುದಿತ್ತು.

ಈಚಿನ ಪ್ರಯೋಗಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿದಾಗ, ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಇಂಜಿನಿಯರಿಂಗ್ ಜೊತೆಗೆ ಮಾನವಿಕವನ್ನೂ ಓದಬೇಕೆಂದು ಇಟ್ಟಿತು. ಆಮೇಲಷ್ಟೇ ಒಂದು ವಿಷಯದ ಆಳಕ್ಕೆ ಇಳಿಯುವುದು, ಕೊನೆಗೆ ಸ್ವಂತ ಸಂಶೋಧನೆ. ಸಂಸ್ಥೆಗೆ ಅದರದೇ ಸಂಪನ್ಮೂಲವಿದೆ, ದೇಶದಿಂದಲೇ ಆರಿಸಿ ತಂದ ವಿದ್ಯಾರ್ಥಿಗಳಿದ್ದಾರೆ. ಚಳ್ಳಕೆರೆಯ ಅಥವಾ ಸಿಂದಗಿಯ ಪದವಿ ಕಾಲೇಜು ಇದನ್ನು ಹಾಗೆಯೇ ನಕಲು ಮಾಡಲಾರದು, ಮಾಡಬೇಕಾಗಿಯೂ ಇಲ್ಲ.

ಸಣ್ಣ ಊರಿನ ಕಾಲೇಜಿನ ಆಸ್ತಿ ಬೇರೆ. ಅದರ ಕಾಂಪೌಂಡಿನಾಚೆ ಕೆರೆ ಇರುತ್ತದೆ. ಕೆರೆ ಕಟ್ಟಿಸಿದವರ ಶಾಸನ ಏರಿಯ ಮೇಲೋ ಗುಡಿಯ ಬಳಿಯೋ ಇರಬಹುದು, ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅದರ ಪಾಠವೂ ಸಿಗಬಹುದು. ಕನ್ನಡ ಐಚ್ಛಿಕದವರು ಶಾಸನ ಓದಲಿ, ರಸಾಯನಶಾಸ್ತ್ರದವರು ನೀರಿನ ಗಡಸುತನ ಅಳೆಯಲಿ, ಸಸ್ಯಶಾಸ್ತ್ರದವರು ಕಳೆಸಸ್ಯ ಪಟ್ಟಿ ಮಾಡಲಿ, ಅರ್ಥಶಾಸ್ತ್ರದವರು ಅಚ್ಚುಕಟ್ಟಿನ ರೈತರನ್ನು ಮಾತಾಡಿಸಲಿ. ಇಲ್ಲಿಯವರೆಗಿನದು ಸುಲಭ, ಎಷ್ಟೋ ಎನ್ನೆಸ್ಸೆಸ್ ಶಿಬಿರಗಳು ಇದನ್ನು ಮಾಡಿವೆ. ಕಷ್ಟದ ಭಾಗ ಮುಂದಿನದು: ‘ಈ ಕೆರೆ ಯಾಕೆ ಬತ್ತಿತು’ ಎಂಬ ಒಂದೇ ಪ್ರಶ್ನೆಗೆ ನಾಲ್ವರೂ ಸೇರಿ ಒಂದೇ ವರದಿ ಬರೆಯಬೇಕು. ಒಬ್ಬರ ಪುರಾವೆ ಇನ್ನೊಬ್ಬರ ಪುರಾವೆಗೆ ಹೊಂದದಿದ್ದಾಗ ಜಗಳ ಶುರುವಾಗುತ್ತದೆ. ಆ ಜಗಳಕ್ಕೆ ಅಂಕ ಕೊಡಬೇಕು.

ಶಾಸನದ ಮಾತು ಬಂದದ್ದರಿಂದ ಇನ್ನೊಂದು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ನಗರದ ಅತಿ ಹಳೆಯ ಕನ್ನಡ ಬರಹ ಎಂದು ಅದನ್ನು ಗುರುತಿಸಲಾಗಿದೆ. ಇಂಥ ಕಲ್ಲುಗಳನ್ನು ಹುಡುಕಿ ಉಳಿಸುವ ಕೆಲಸಕ್ಕೆ ಮುಂದೆ ಬಂದವರಲ್ಲಿ ಇಂಜಿನಿಯರುಗಳಿದ್ದಾರೆ. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಅವರು ಶಾಸನಗಳನ್ನು ತ್ರಿ-ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತಿದ್ದಾರೆ. ಕಲ್ಲು ಸವೆದು ಬರಿಗಣ್ಣಿಗೆ ಕಾಣದ ಅಕ್ಷರ ಪರದೆಯ ಮೇಲೆ ಎದ್ದು ಕಾಣುತ್ತದೆ, ಹಿಂದಿನವರು ತಪ್ಪಾಗಿ ಓದಿದ್ದು ತಿದ್ದುಪಡಿಯಾಗುತ್ತದೆ. ಯಂತ್ರಭಾಗಗಳನ್ನು ಅಳೆಯಲು ಬಂದ ಉಪಕರಣ ಲಿಪಿಶಾಸ್ತ್ರಕ್ಕೆ ಒದಗಿದ್ದು ಹೀಗೆ. ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎನ್ನುವವರು ತಮ್ಮ ಊರಿನ ಗುಡಿಯಂಗಳದಲ್ಲಿ ಒಮ್ಮೆ ಸುತ್ತಬಹುದು. ಸಂಗೀತ ಐಚ್ಛಿಕವಾಗಿರುವ ಕಾಲೇಜುಗಳ ಭೌತಶಾಸ್ತ್ರದವರಿಗೂ ಕೆಲಸವಿದೆ. ಮೃದಂಗದ ಕರಣೆ ಅದರ ನಾದವನ್ನು ಹೇಗೆ ಶ್ರುತಿಬದ್ಧ ಮಾಡುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಇಂದು ಅದರ ಪ್ರಯೋಗಕ್ಕೆ ಒಂದು ಮೊಬೈಲ್ ಫೋನ್ ಸಾಕು.

ಹಾಗಾದರೆ ತಡೆ ಎಲ್ಲಿದೆ? ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಅಧ್ಯಾಪಕರ ಸ್ಥಿತಿಯಲ್ಲಿದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ಗೊತ್ತಿಲ್ಲದವರು ಪಕ್ಕದ ವಿಭಾಗದವರ ಜೊತೆ ಕೂತು ಕೆರೆಯ ಪ್ರಶ್ನೆ ಹೆಣೆಯಲಿ ಎಂದು ಬಯಸುವುದು ಕ್ರೂರ. ಎರಡನೆಯ ತಡೆ ಪರೀಕ್ಷೆಯದು. ಇಬ್ಬರು ಅಧ್ಯಾಪಕರು ಕೂಡಿ ಪಾಠ ಮಾಡಿದರೆ ಕಾರ್ಯಭಾರ ಯಾರ ಲೆಕ್ಕಕ್ಕೆ, ಉತ್ತರಪತ್ರಿಕೆಯ ಮೌಲ್ಯಮಾಪನ ಯಾರದು ಎಂಬುದಕ್ಕೆ ಸುಲಭದ ಉತ್ತರ ಸಿಗುವುದಿಲ್ಲ. ಇವೆರಡನ್ನೂ ಸರಿಪಡಿಸದೆ ಪದವಿಯನ್ನು ಮೂರು ವರ್ಷ ಮಾಡಿದರೂ ನಾಲ್ಕು ಮಾಡಿದರೂ ತರಗತಿಯೊಳಗೆ ಬದಲಾಗುವುದು ಕಡಿಮೆ.

ಪಿಯುಸಿ ಮುಗಿಸಿದ ಮಕ್ಕಳಿಗೆ ಕಾಲೇಜು ಹುಡುಕುವ ತಂದೆತಾಯಿ ಪ್ಲೇಸ್‌ಮೆಂಟ್, ಶುಲ್ಕ, ಹಾಸ್ಟೆಲ್, ಬಸ್ಸು ಎಲ್ಲವನ್ನೂ ವಿಚಾರಿಸುತ್ತಾರೆ. ಈ ಸಲ ಪ್ರವೇಶದ ಕೌಂಟರಿನಲ್ಲಿ ಇನ್ನೆರಡು ಪ್ರಶ್ನೆ ಕೇಳಿ. ಇಲ್ಲಿನ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ನೋಟ್ಸ್ ನೋಡದೆ ಸ್ವಂತವಾಗಿ ಎಷ್ಟು ಪುಟ ಬರೆಯುತ್ತಾರೆ, ಅದನ್ನು ಓದಿ ತಿದ್ದಿ ಹಿಂದಿರುಗಿಸುವವರು ಯಾರು? ಕಳೆದ ವರ್ಷ ಎರಡು ವಿಭಾಗದ ವಿದ್ಯಾರ್ಥಿಗಳು ಸೇರಿ ಮಾಡಿದ ಕೆಲಸ ಯಾವುದಾದರೂ ಇದ್ದರೆ ತೋರಿಸುತ್ತೀರಾ? ಉತ್ತರಕ್ಕೆ ತಡಕಾಡಿದರೆ, ಅರ್ಜಿ ಶುಲ್ಕ ಕಟ್ಟುವ ಮೊದಲು ಪಕ್ಕದ ಕಾಲೇಜನ್ನೂ ಒಮ್ಮೆ ನೋಡಿ ಬನ್ನಿ.